ಎಕ್ಸೆಲ್ ಹಾಳೆಯ ಶೇ. 13 ಎಷ್ಟು ಗಟ್ಟಿ?

ಮೈಸೂರಿನಲ್ಲಿ ಒಂದು ವಾಣಿಜ್ಯ ಕಟ್ಟಡ ಮಾರಾಟಕ್ಕಿದೆ ಅಂದರೆ ಈಗೀಗ ಬ್ರೋಕರ್ ಬರೀ ಫೋಟೊ ಕಳಿಸಿ ಸುಮ್ಮನಾಗುವುದಿಲ್ಲ. ಹಿಂದೆಯೇ ಒಂದು ಎಕ್ಸೆಲ್ ಹಾಳೆಯೂ ವಾಟ್ಸ್ಆ್ಯಪ್‌ಗೆ ಬಂದು ಬೀಳುತ್ತದೆ. ಹತ್ತು ವರ್ಷದ ಬಾಡಿಗೆ, ಖರ್ಚು, ಹತ್ತನೇ ವರ್ಷ ಮಾರಿದರೆ ಸಿಗುವ ಬೆಲೆ, ಎಲ್ಲವೂ ಸಾಲಾಗಿ ಕೂತಿರುತ್ತವೆ. ಕೊನೆಯಲ್ಲಿ ಹಳದಿ ಬಣ್ಣದ ಒಂದು ಚೌಕ. ಅದರೊಳಗೆ 'ಶೇ. 13'. ಎಫ್‌ಡಿಗಿಂತ ಎಷ್ಟೋ ಮೇಲು ಅಲ್ವಾ ಅಂತ ಒಂದು ಸಾಲು ಬೇರೆ.

ಆ ಹಾಳೆಯಲ್ಲಿ ಸುಳ್ಳು ಇರಲೇಬೇಕು ಅಂತೇನಿಲ್ಲ. ಕೂಡಿದ್ದು ಕಳೆದದ್ದು ಎಲ್ಲ ಸರಿಯಾಗಿಯೇ ಇರಬಹುದು. ಆದರೆ ಆ ಒಂದು ಅಂಕಿ ಹತ್ತಾರು ಊಹೆಗಳ ಮೇಲೆ ನಿಂತಿದೆ. ಬಾಡಿಗೆ ವರ್ಷಕ್ಕೆ ಇಷ್ಟು ಏರುತ್ತದೆ, ಮಳಿಗೆ ಇಷ್ಟೇ ದಿನ ಖಾಲಿ ಇರುತ್ತದೆ, ಬ್ಯಾಂಕ್ ಬಡ್ಡಿ ಹೀಗೇ ಇರುತ್ತದೆ, ಮಾರುವಾಗ ಇಂಥ ಬೆಲೆ ಸಿಗುತ್ತದೆ. ಇವುಗಳಲ್ಲಿ ಯಾವುದು ಅಲುಗಾಡಿದರೆ ಏನಾಗುತ್ತದೆ ಅಂತ ನೋಡುವ ಕೆಲಸಕ್ಕೆ ಎರಡು ದಾರಿಗಳಿವೆ. ಒಂದು ಸೆನ್ಸಿಟಿವಿಟಿ ಅನಾಲಿಸಿಸ್. ಇನ್ನೊಂದು ಸಿನಾರಿಯೊ ಅನಾಲಿಸಿಸ್. ಹೆಸರು ದೊಡ್ಡದು, ಕೆಲಸ ಅಷ್ಟು ಕಷ್ಟದ್ದಲ್ಲ.

ಮೊದಲನೆಯದರಲ್ಲಿ ಒಂದೇ ಒಂದು ಊಹೆಯನ್ನು ಬದಲಿಸಿ, ಉಳಿದದ್ದೆಲ್ಲ ಹಾಗೇ ಇಟ್ಟು, ಉತ್ತರ ಎಷ್ಟು ಕದಲಿತು ಅಂತ ನೋಡುತ್ತೇವೆ. ಡಾಕ್ಟರು ಹೊಟ್ಟೆಯನ್ನು ಒಂದೊಂದು ಕಡೆ ಒತ್ತಿ 'ಇಲ್ಲಿ ನೋವಾ, ಇಲ್ಲಿ?' ಅಂತ ಕೇಳುವ ಹಾಗೆ. ಎರಡನೆಯದರಲ್ಲಿ ಒಂದು ಕಥೆ ಕಟ್ಟುತ್ತೇವೆ. ಆ ಕಥೆ ನಿಜವಾದರೆ ಯಾವ ಯಾವ ಅಂಕಿಗಳು ಒಟ್ಟಿಗೆ ಬದಲಾಗುತ್ತವೋ ಅಷ್ಟನ್ನೂ ಒಂದೇ ಸಲ ಬದಲಿಸುತ್ತೇವೆ.

ಲೆಕ್ಕ ಹಾಕಿಯೇ ನೋಡೋಣ. ವಿಜಯನಗರದ ಕಡೆ, ರಿಂಗ್ ರೋಡಿಗೆ ಹತ್ತಿರ, ಮೂರು ಅಂತಸ್ತಿನ ಕಟ್ಟಡ ಒಂದಿದೆ ಅಂದುಕೊಳ್ಳಿ. ಒಂದೊಂದು ಅಂತಸ್ತು 2,000 ಚದರ ಅಡಿ. ಕೆಳಗೆ ಔಷಧಿ ಅಂಗಡಿ ಮತ್ತು ಕ್ಲಿನಿಕ್, ಮೊದಲ ಮಹಡಿಯಲ್ಲಿ ಕೋಚಿಂಗ್ ಸೆಂಟರ್, ಎರಡನೇ ಮಹಡಿಯಲ್ಲಿ ಒಂದು ಸಣ್ಣ ಸಾಫ್ಟ್‌ವೇರ್ ಕಚೇರಿ. ನೋಂದಣಿ ಖರ್ಚೂ ಸೇರಿ ಬೆಲೆ 3 ಕೋಟಿ. ಚದರ ಅಡಿಗೆ ತಿಂಗಳಿಗೆ 40 ರೂಪಾಯಿ ಬಾಡಿಗೆ. (ಇವೆಲ್ಲ ಲೆಕ್ಕ ಅರ್ಥವಾಗಲಿ ಅಂತ ಇಟ್ಟುಕೊಂಡ ಅಂಕಿಗಳು. ನಾಳೆ ಇದೇ ರೇಟು ಹಿಡಿದು ಚೌಕಾಸಿಗೆ ಹೋಗಬೇಡಿ.)

ವರ್ಷದ ಪೂರ್ತಿ ಬಾಡಿಗೆ 28.8 ಲಕ್ಷ. ಅಲ್ಲಲ್ಲಿ ಖಾಲಿ ಬೀಳುವುದಕ್ಕೆ ಶೇ. 5 ಬಿಟ್ಟರೆ 27.36 ಲಕ್ಷ. ಕಂದಾಯ, ಇನ್ಶೂರೆನ್ಸ್, ಲಿಫ್ಟ್, ವಾಚ್‌ಮನ್, ರಿಪೇರಿ ಎಲ್ಲ ಸೇರಿ 3.36 ಲಕ್ಷ ಖರ್ಚು. ಕೈಗೆ ಉಳಿಯುವ ನಿವ್ವಳ ಬಾಡಿಗೆ 24 ಲಕ್ಷ. 3 ಕೋಟಿಗೆ 24 ಲಕ್ಷ ಅಂದರೆ ಶೇ. 8. ಇದನ್ನೇ ಯೀಲ್ಡ್ ಅಥವಾ ಕ್ಯಾಪ್ ರೇಟ್ ಅನ್ನುತ್ತಾರೆ.

ಈ 24 ಲಕ್ಷ ವರ್ಷಕ್ಕೆ ಶೇ. 5ರಂತೆ ಏರುತ್ತದೆ, ಹತ್ತು ವರ್ಷದ ನಂತರ ಅದೇ ಶೇ. 8ರ ಯೀಲ್ಡ್ ಲೆಕ್ಕದಲ್ಲಿ (ಅಂದರೆ ಅದರ ಮುಂದಿನ ವರ್ಷದ ನಿವ್ವಳ ಬಾಡಿಗೆ ಬೆಲೆಯ ಶೇ. 8 ಆಗುವಂತೆ) ಕಟ್ಟಡ ಮಾರುತ್ತೇವೆ ಅಂತ ಹಿಡಿದರೆ ಮಾರಾಟದ ಬೆಲೆ ಸುಮಾರು 4.89 ಕೋಟಿ. ಸಾಲದ ಮಾತು ಸದ್ಯಕ್ಕೆ ಬಿಟ್ಟರೆ, ಹೂಡಿದ ದುಡ್ಡಿಗೆ ವರ್ಷಕ್ಕೆ ಸಿಗುವ ಪ್ರತಿಫಲ, ಅಂದರೆ ಐಆರ್‌ಆರ್, ಸರಿಯಾಗಿ ಶೇ. 13. ಎಂಟಕ್ಕೆ ಐದು ಸೇರಿಸಿದರೆ ಹದಿಮೂರು. ಕೊಳ್ಳುವಾಗಿನ ಯೀಲ್ಡೂ ಮಾರುವಾಗಿನ ಯೀಲ್ಡೂ ಒಂದೇ ಆಗಿ, ಬಾಡಿಗೆ ಒಂದೇ ಸಮನೆ ಏರಿದರೆ ಐಆರ್‌ಆರ್ ಇಷ್ಟು ಸುಲಭದ ಕೂಡುವ ಲೆಕ್ಕ. ಹಳದಿ ಚೌಕದ ಗುಟ್ಟು ಇಷ್ಟೇ.

ಈಗ ಒಂದೊಂದೇ ಕಡೆ ಒತ್ತಿ ನೋಡೋಣ. ಬಾಡಿಗೆ ಏರಿಕೆ ಶೇ. 5ರ ಬದಲು ಶೇ. 3 ಆದರೆ ಐಆರ್‌ಆರ್ 11ಕ್ಕೆ ಇಳಿಯುತ್ತದೆ. ಮೊದಲ ದಿನದ ಬಾಡಿಗೆಯೇ 40ರ ಬದಲು 36 ಆದರೆ ಸುಮಾರು 11.2. ಮಾರುವಾಗ ಕೊಳ್ಳುವವರು ಶೇ. 8ರ ಬದಲು ಶೇ. 9 ಯೀಲ್ಡ್ ಕೇಳಿದರೆ, ಅಂದರೆ ಅದೇ ಬಾಡಿಗೆಗೆ ಕಡಿಮೆ ಬೆಲೆ ಕೊಟ್ಟರೆ, 12.1. ಮೊದಲ ವರ್ಷ ಒಂದು ಮಹಡಿ ಪೂರ್ತಿ ಖಾಲಿ ಬಿದ್ದರೆ ಸುಮಾರು 12.6. ಖರ್ಚು ಶೇ. 10 ಜಾಸ್ತಿಯಾದರೆ 12.8.

ದೊಡ್ಡ ಏಟಿನಿಂದ ಚಿಕ್ಕ ಏಟಿನವರೆಗೆ ಇವನ್ನು ಪಟ್ಟೆಗಳಾಗಿ ಒಂದರ ಕೆಳಗೊಂದು ಬರೆದರೆ ಮೇಲೆ ಅಗಲ, ಕೆಳಗೆ ಸಣ್ಣ ಆಗಿ ಸುಂಟರಗಾಳಿಯ ಆಕಾರ ಬರುತ್ತದೆ. ಟೊರ್ನಾಡೊ ಚಾರ್ಟ್ ಅನ್ನುವುದು ಅದನ್ನೇ. ನೋಡಲು ಚೆಂದ. ಆದರೆ ಎಲ್ಲ ಊಹೆಗಳನ್ನೂ ಒಂದೇ ಸಮನೆ 'ಹತ್ತು ಪರ್ಸೆಂಟ್ ಮೇಲೆ, ಹತ್ತು ಪರ್ಸೆಂಟ್ ಕೆಳಗೆ' ಅಂತ ಅಲುಗಾಡಿಸಿದ ಚಾರ್ಟ್ ಕಂಡರೆ ಅದನ್ನು ಅಲ್ಲಿಗೇ ಬಿಡಬಹುದು. ಕಂದಾಯ ಶೇ. 10 ಏರುವುದಕ್ಕೂ ಬಾಡಿಗೆ ಶೇ. 10 ಇಳಿಯುವುದಕ್ಕೂ ಒಂದೇ ಸಾಧ್ಯತೆ ಇಲ್ಲವಲ್ಲ. ಒಂದೊಂದು ಅಂಕಿ ನಿಜವಾಗಿ ಎಷ್ಟು ದೂರ ಹೋಗಬಹುದೋ ಅಷ್ಟೇ ದೂರ ಎಳೆಯಬೇಕು.

ಇಲ್ಲಿಯವರೆಗೆ ನೋಡಿದರೆ, ಒಂದು ಮಹಡಿ ವರ್ಷಪೂರ್ತಿ ಖಾಲಿ ಬಿದ್ದರೂ ದೊಡ್ಡ ವಿಷಯವೇನಲ್ಲ ಅನಿಸುತ್ತದೆ. 13 ಇದ್ದದ್ದು 12.6. ಹೋಗಲಿ ಬಿಡಿ, ಅಲ್ವಾ? ನನ್ನ ತಕರಾರು ಇರುವುದು ಇಲ್ಲೇ.

ಈ ಕಟ್ಟಡಕ್ಕೆ ಒಂದೂವರೆ ಕೋಟಿ ಸಾಲ ತೆಗೆದಿದ್ದೀರಿ ಅನ್ನಿ. ಶೇ. 9.5 ಬಡ್ಡಿ, 15 ವರ್ಷ. ಇಎಂಐ ತಿಂಗಳಿಗೆ ಸುಮಾರು 1.57 ಲಕ್ಷ, ವರ್ಷಕ್ಕೆ 18.8 ಲಕ್ಷ. ನಿವ್ವಳ ಬಾಡಿಗೆ 24 ಲಕ್ಷದಲ್ಲಿ ಇದನ್ನು ಕಳೆದರೆ ಉಳಿಯುವುದು 5.2 ಲಕ್ಷ. ಬ್ಯಾಂಕಿನವರು ಇದೇ ವಿಷಯವನ್ನು ಭಾಗಾಕಾರದಲ್ಲಿ ನೋಡುತ್ತಾರೆ. 24ನ್ನು 18.8ರಿಂದ ಭಾಗಿಸಿದರೆ ಸುಮಾರು 1.28. ಡಿಎಸ್‌ಸಿಆರ್ ಅಂದರೆ ಇದು. ಕಂತು ಕಟ್ಟಿದ ಮೇಲೂ ಎಷ್ಟು ಉಸಿರು ಉಳಿದಿದೆ ಅನ್ನುವ ಅಳತೆ.

ಅದೇ ಊಹೆಗಳನ್ನು ಈಗ ಮತ್ತೆ ಅಲುಗಾಡಿಸಿ, ಐಆರ್‌ಆರ್ ಬಿಟ್ಟು ಮೊದಲ ವರ್ಷ ಕೈಯಲ್ಲಿ ಉಳಿಯುವ ದುಡ್ಡನ್ನು ಮಾತ್ರ ನೋಡಿ. ಬಾಡಿಗೆ 36 ಆದರೆ 5.2 ಲಕ್ಷ ಇದ್ದದ್ದು 2.5 ಲಕ್ಷದ ಆಸುಪಾಸಿಗೆ ಬರುತ್ತದೆ. ಬಾಡಿಗೆ ಇಳಿದದ್ದು ಶೇ. 10, ಕೈಯಲ್ಲಿ ಉಳಿಯುವುದು ಅರ್ಧಕ್ಕಿಂತ ಕಡಿಮೆ. ಖರ್ಚೂ ಕಂತೂ ಹಾಗೇ ನಿಂತಿರುವುದರಿಂದ ಹೊಡೆತವೆಲ್ಲ ಉಳಿಕೆಯ ಮೇಲೇ ಬೀಳುತ್ತದೆ. ಬಡ್ಡಿ ಶೇ. 12 ಆದರೆ ಉಳಿಯುವುದು 2.4 ಲಕ್ಷ. ಒಂದು ಮಹಡಿ ವರ್ಷಪೂರ್ತಿ ಖಾಲಿ ಬಿದ್ದರೆ? ನಿವ್ವಳ ಬಾಡಿಗೆ 14.88 ಲಕ್ಷ, ಕಂತು 18.8 ಲಕ್ಷ. ಜೇಬಿನಿಂದ 3.92 ಲಕ್ಷ ಹಾಕಬೇಕು. ಇನ್ನು ಬಾಡಿಗೆ ಏರಿಕೆ ಮತ್ತು ಮಾರುವಾಗಿನ ಯೀಲ್ಡ್, ಐಆರ್‌ಆರ್ ಪಟ್ಟಿಯಲ್ಲಿ ಮೆರೆದ ಇವೆರಡೂ ಈ ವರ್ಷದ ಕೈದುಡ್ಡಿನ ಮೇಲೆ ಬೀರುವ ಪರಿಣಾಮ ಸೊನ್ನೆ.

ಅಂದರೆ ಪಟ್ಟಿಯೇ ತಲೆಕೆಳಗಾಯಿತು. ಲಾಭದ ಲೆಕ್ಕದಲ್ಲಿ ಕೆಳಗೆಲ್ಲೋ ಇದ್ದ ಖಾಲಿ ಮಹಡಿ, ಕಂತು ಕಟ್ಟುವ ಲೆಕ್ಕದಲ್ಲಿ ಮೊದಲ ಸ್ಥಾನಕ್ಕೆ ಬಂತು. ಆದ್ದರಿಂದ ಸೆನ್ಸಿಟಿವಿಟಿ ಮಾಡುವ ಮುಂಚೆ ಯಾವ ಉತ್ತರ ಕದಲುವುದನ್ನು ನೋಡುತ್ತಿದ್ದೇವೆ ಅಂತ ತೀರ್ಮಾನಿಸಬೇಕು. ಹತ್ತು ವರ್ಷದ ಲಾಭವೋ, ಈ ವರ್ಷ ಕಂತು ಕಟ್ಟುವ ಶಕ್ತಿಯೋ? ಸಾಲ ತೆಗೆದು ಕಟ್ಟಡ ಕೊಳ್ಳುವ ಮನೆತನಗಳಿಗೆ ಎರಡನೆಯದೇ ಮುಖ್ಯ. ಶೇ. 13 ಕೈಗೆ ಬರಬೇಕಾದರೆ ಹತ್ತನೇ ವರ್ಷದವರೆಗೆ ಕಟ್ಟಡ ನಿಮ್ಮ ಹೆಸರಿನಲ್ಲೇ ಉಳಿದಿರಬೇಕಲ್ಲ. ಮೇಲಾಗಿ ಮುಂದೆ ಬರುವ ದುಡ್ಡನ್ನೆಲ್ಲ ಶೇ. 13ರ ಲೆಕ್ಕದಲ್ಲಿ ಇವತ್ತಿನ ಬೆಲೆಗೆ ಇಳಿಸಿ ನೋಡಿದರೆ, ಈ ಹಾಳೆಯಲ್ಲಿ 3 ಕೋಟಿಯ ಮೌಲ್ಯದಲ್ಲಿ ಹತ್ತಿರ ಹತ್ತಿರ ಅರ್ಧ ಬರುವುದು ಹತ್ತನೇ ವರ್ಷದ ಮಾರಾಟದಿಂದ. ಆ ಅರ್ಧವನ್ನು ಇವತ್ತು ಯಾರೂ ಕಂಡಿಲ್ಲ.

ಎರಡು ಊಹೆಗಳನ್ನು ಒಟ್ಟಿಗೆ ಬದಲಿಸುವ ಕೋಷ್ಟಕವೂ ಇದೆ. ಎಕ್ಸೆಲ್‌ನ ಡೇಟಾ ಮೆನುವಿನಲ್ಲಿ ವಾಟ್-ಇಫ್ ಅನಾಲಿಸಿಸ್ ಒಳಗೆ ಡೇಟಾ ಟೇಬಲ್ ಅಂತ ಸಿಗುತ್ತದೆ. ಅಡ್ಡಕ್ಕೆ ಬಡ್ಡಿ, ಉದ್ದಕ್ಕೆ ಬಾಡಿಗೆ ಇಟ್ಟರೆ ಮಧ್ಯದ ಚೌಕಗಳು ತಾವೇ ತುಂಬಿಕೊಳ್ಳುತ್ತವೆ. ನಮ್ಮ ಕಟ್ಟಡದಲ್ಲಿ ಬಾಡಿಗೆ ಮಾತ್ರ ಇಳಿದರೂ ಎರಡು ಲಕ್ಷದ ಮೇಲೆ ಉಳಿಯುತ್ತದೆ, ಬಡ್ಡಿ ಮಾತ್ರ ಏರಿದರೂ ಉಳಿಯುತ್ತದೆ. ಎರಡೂ ಒಟ್ಟಿಗೆ ಆದರೆ 34 ಸಾವಿರ ಕೈಯಿಂದ ಹೋಗುತ್ತದೆ. ಒಂದೊಂದಾಗಿ ನೋಡಿದಾಗ ಇದು ಕಾಣುವುದಿಲ್ಲ.

ಬಡ್ಡಿ ಶೇ. 12ಕ್ಕೆ ಹೋಗುತ್ತದೆ ಅನ್ನುವುದು ಸುಮ್ನೆ ಹೆದರಿಸಲು ಹೇಳಿದ್ದಲ್ಲ. 2022ರ ಮೇ ತಿಂಗಳಿನಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯನ್ನು, ಶೇ. 4ರಿಂದ 6.5ಕ್ಕೆ ಏರಿಸಿತ್ತು. ಒಂದು ವರ್ಷವೂ ತುಂಬದೆ ಎರಡೂವರೆ ಪಾಯಿಂಟ್. 9.5ಕ್ಕೆ ಅಷ್ಟೇ ಸೇರಿಸಿ ನೋಡಿ. 'ಇಎಂಐ ಏರಿಸಬೇಡಿ, ಅವಧಿ ಉದ್ದ ಮಾಡಿ' ಅಂತ ಬ್ಯಾಂಕಿನಲ್ಲಿ ಕೇಳಬಹುದು ಅಂತೀರಾ? ಸಾಲದ ಶುರುವಿನಲ್ಲೇ ಬಡ್ಡಿ 12 ಆಗಿ, ಕಂತು ಅದೇ 1.57 ಲಕ್ಷದಲ್ಲಿ ನಿಂತರೆ 15 ವರ್ಷದ ಸಾಲ ತೀರಲು ಸುಮಾರು ಇಪ್ಪತ್ತಾರೂವರೆ ವರ್ಷ ಬೇಕು. ಯಾಕೆಂದರೆ ಒಂದೂವರೆ ಕೋಟಿಗೆ ತಿಂಗಳ ಬಡ್ಡಿಯೇ 1.5 ಲಕ್ಷ. ಅಸಲಿಗೆ ಹೋಗುವುದು ಆರೇಳು ಸಾವಿರ ಮಾತ್ರ. ಯಾವ ಬ್ಯಾಂಕೂ ಇದಕ್ಕೆ ಸುಲಭವಾಗಿ ಒಪ್ಪುವುದಿಲ್ಲ.

ಅದೇ ಮೆನುವಿನಲ್ಲಿ ಗೋಲ್ ಸೀಕ್ ಅನ್ನುವುದು ಲೆಕ್ಕವನ್ನು ಹಿಂದಿನಿಂದ ಮಾಡುತ್ತದೆ. 'ಉಳಿಕೆ ಸೊನ್ನೆ ಆಗಬೇಕಾದರೆ ಎಷ್ಟು ಭಾಗ ತುಂಬಿರಬೇಕು' ಅಂತ ಕೇಳಿ. ಉತ್ತರ ಶೇ. 77. ಬಾಡಿಗೆಯಲ್ಲಿ ಶೇ. 23 ಬರದಿದ್ದರೂ ಕಂತು ಹೇಗೋ ಕಟ್ಟಬಹುದು. ಕೇಳಲು ಹಿತವಾಗಿದೆ. ಆದರೆ ಇರುವುದು ಮೂರೇ ಮಹಡಿ. ಶೇ. 10 ಖಾಲಿ, ಶೇ. 15 ಖಾಲಿ ಅನ್ನುವ ಸ್ಥಿತಿ ಈ ಕಟ್ಟಡದಲ್ಲಿ ಬರುವುದು ಕಮ್ಮಿ. ಒಂದೋ ಎಲ್ಲ ತುಂಬಿರುತ್ತದೆ, ಇಲ್ಲವೇ ಒಂದು ಮಹಡಿ ಹೋಗಿ ಶೇ. 67ಕ್ಕೆ ಬಂದಿರುತ್ತದೆ. 77ರ ಗೆರೆಯನ್ನು ಒಂದೇ ನೆಗೆತಕ್ಕೆ ದಾಟಿ ಕೆಳಗೆ. ಬೆಂಗಳೂರಿನ ದೊಡ್ಡ ಟೆಕ್ ಪಾರ್ಕ್‌ನಲ್ಲಿ ಹತ್ತಾರು ಬಾಡಿಗೆದಾರರಿರುವಾಗ ಸರಾಸರಿ ಶೇ. 5 ಖಾಲಿ ಅನ್ನುವುದಕ್ಕೆ ಅರ್ಥವಿದೆ. ಆ ಅಂಕಿಯನ್ನೇ ಎತ್ತಿ ಮೈಸೂರಿನ ಮೂರು ಮಹಡಿಯ ಕಟ್ಟಡಕ್ಕೆ ಅಂಟಿಸುವವರೇ ಜಾಸ್ತಿ. ಇಲ್ಲಿ ಪರ್ಸೆಂಟ್ ಬಿಟ್ಟು ಮಹಡಿ ಎಣಿಸಿ.

ಇನ್ನು ಸಿನಾರಿಯೊ. ಈ ಪದ್ಧತಿ ಹೆಸರು ಮಾಡಿದ್ದು ಶೆಲ್ ತೈಲ ಕಂಪನಿಯಿಂದ. ಪಿಯರ್ ವ್ಯಾಕ್ ಅನ್ನುವವರ ತಂಡ 1970ರ ದಶಕದ ಆರಂಭದಲ್ಲಿ, ತೈಲ ಬೆಲೆ ಹೀಗೇ ಇರುತ್ತದೆ ಅಂತ ನಂಬದೆ, ಬೇರೆ ಬೇರೆ ಭವಿಷ್ಯದ ಕಥೆಗಳನ್ನು ಕಟ್ಟಿ ಕಂಪನಿಯ ಮುಂದಿಟ್ಟಿತ್ತು. 1973ರ ತೈಲ ಬಿಕ್ಕಟ್ಟು ಬಂದಾಗ ಆ ಅಭ್ಯಾಸ ಉಪಯೋಗಕ್ಕೆ ಬಂತು. ಅಲ್ಲಿ ಮುಖ್ಯವಾಗಿದ್ದದ್ದು ಕಥೆಯ ಒಳಗಿನ ಹೊಂದಾಣಿಕೆ. ನಮ್ಮ ಎಕ್ಸೆಲ್ ಹಾಳೆಗಳಲ್ಲಿ ಸೊರಗುವುದೂ ಅದೇ.

ಸಾಮಾನ್ಯವಾಗಿ ಏನು ಮಾಡುತ್ತಾರೆ ಅಂದರೆ ಮೂರು ಕಾಲಂ ಹಾಕುತ್ತಾರೆ. ಮಧ್ಯಮ, ಒಳ್ಳೆಯದು, ಕೆಟ್ಟದ್ದು. ಕೆಟ್ಟದ್ದರಲ್ಲಿ ಎಲ್ಲ ಅಂಕಿಗಳನ್ನೂ ಸ್ವಲ್ಪ ಸ್ವಲ್ಪ ಕೆಡಿಸಿ ಕೂರುತ್ತಾರೆ. ಅದು ಕಥೆ ಆಗುವುದಿಲ್ಲ. 2020 ಮತ್ತು 2022ನ್ನು ಅಕ್ಕಪಕ್ಕ ಇಟ್ಟು ನೋಡಿ. 2020ರ ಮಾರ್ಚ್ ಲಾಕ್‌ಡೌನ್‌ನಲ್ಲಿ ಕೋಚಿಂಗ್ ಸೆಂಟರೂ ಬಂದ್, ಕಚೇರಿಯೂ ಬಂದ್. ಬಾಡಿಗೆ ನಿಂತಿತು. ಆದರೆ ಅದೇ ಹೊತ್ತಿಗೆ ರೆಪೊ ದರ ಇಳಿದು ಮೇ ತಿಂಗಳಲ್ಲಿ ಶೇ. 4ಕ್ಕೆ ಬಂತು, ಕಂತಿಗೆ ಕೆಲವು ತಿಂಗಳ ವಿನಾಯಿತಿಯೂ ಸಿಕ್ಕಿತು. (ಬಡ್ಡಿ ಮಾತ್ರ ಬೆಳೆಯುತ್ತಲೇ ಇತ್ತು.) 2022ರಲ್ಲಿ ಇದರ ತಿರುಗುಮುರುಗು. ವ್ಯಾಪಾರ ವಾಪಸ್ ಬಂತು, ಬಡ್ಡಿ ಏರಿತು. ಕೆಟ್ಟ ಕಾಲಗಳೆಲ್ಲ ಒಂದೇ ಥರ ಇರುವುದಿಲ್ಲ. ಒಂದು ಕಥೆಯಲ್ಲಿ ಯಾವುದು ಜೊತೆಯಾಗಿ ಬರುತ್ತದೆ, ಯಾವುದು ಬರುವುದಿಲ್ಲ ಅಂತ ಯೋಚಿಸುವುದೇ ನಿಜವಾದ ಕೆಲಸ. ಅದನ್ನು ಎಕ್ಸೆಲ್ ಮಾಡಿಕೊಡುವುದಿಲ್ಲ.

ಅಂಕಿಯ ಕೋಷ್ಟಕಕ್ಕೆ ಹೊಳೆಯದ ಕಥೆಗಳೂ ಇವೆ. 118 ಕಿಲೋಮೀಟರ್‌ನ ಬೆಂಗಳೂರು-ಮೈಸೂರು ಹೆದ್ದಾರಿ ಉದ್ಘಾಟನೆ ಆದದ್ದು 2023ರ ಮಾರ್ಚ್ 12ರಂದು, ಮಂಡ್ಯದಲ್ಲಿ. ಬೈಪಾಸ್‌ಗಳು ಬಂದು ದೂರ ಹೋಗುವ ವಾಹನಗಳು ಮದ್ದೂರು, ಮಂಡ್ಯ ಊರೊಳಗೆ ಬರುವುದನ್ನೇ ಬಿಟ್ಟವು. ಹಳೇ ರಸ್ತೆಯ ಅಂಚಿನ ಹೋಟೆಲು, ಅಂಗಡಿಗಳವರು ವ್ಯಾಪಾರ ಬಿದ್ದುಹೋಯಿತು ಅಂತ ಗೋಳಾಡಿದರು. ಆ ರಸ್ತೆಯಲ್ಲಿ ಹಿಂದೆ ಮಳಿಗೆ ಕೊಂಡವರು 'ಬಾಡಿಗೆ ಶೇ. 10 ಇಳಿದರೆ' ಅಂತ ಕೋಷ್ಟಕ ಹಾಕಿದ್ದರೂ ಪ್ರಯೋಜನವಿರಲಿಲ್ಲ. ಕೇಳಬೇಕಾಗಿದ್ದ ಪ್ರಶ್ನೆ 'ಗಿರಾಕಿ ಬರುವ ದಾರಿಯೇ ಬದಲಾದರೆ?' ಅನ್ನುವುದು. ರಸ್ತೆ ಯೋಜನೆಯ ನಕ್ಷೆ ನೋಡಿದವರಿಗೆ ಅದು ಮೊದಲೇ ಗೊತ್ತಾಗುವಂಥದ್ದೂ ಆಗಿತ್ತು.

ನಮ್ಮ ವಿಜಯನಗರದ ಕಟ್ಟಡಕ್ಕೆ ಒಂದು ಕಥೆ ಹೀಗಿರಬಹುದು. ಮೂರನೇ ವರ್ಷ ಎರಡನೇ ಮಹಡಿಯ ಕಂಪನಿ ಕಚೇರಿಯನ್ನು ಬೆಂಗಳೂರಿಗೆ ಸಾಗಿಸುತ್ತದೆ. ಹೊಸಬರು ಸಿಗಲು ಒಂದು ವರ್ಷ. ಸುತ್ತ ಹೊಸ ಕಟ್ಟಡಗಳು ಎದ್ದು ಬಾಡಿಗೆ ಏರಿಕೆ ಶೇ. 3ಕ್ಕೆ ನಿಂತಿದೆ. ಕಟ್ಟಡವೂ ಹಳೆಯದಾಗಿ ಮಾರುವಾಗ ಶೇ. 9 ಯೀಲ್ಡ್‌ಗೆ ಹೋಗುತ್ತದೆ. ಬಡ್ಡಿ ಮೊದಲಿನಿಂದಲೇ ಶೇ. 10.5. ಇದರಲ್ಲಿ ಪ್ರಳಯ ಏನೂ ಇಲ್ಲ, ಯಾವ ಊರಿನಲ್ಲಾದರೂ ಆಗುವಂಥದ್ದೇ. ಐಆರ್‌ಆರ್ ಸುಮಾರು 9.8. ಅಂದರೆ ಕಟ್ಟಡ ದುಡಿಯುವುದಕ್ಕಿಂತ ಸಾಲದ ಬಡ್ಡಿಯೇ ಜಾಸ್ತಿ. ಶೇ. 13 ಇದ್ದಾಗ ಸಾಲ ನಿಮ್ಮ ಲಾಭವನ್ನು ಹಿಗ್ಗಿಸುತ್ತಿತ್ತು. ಈ ಕಥೆಯಲ್ಲಿ ಅದೇ ಸಾಲ ನಿಮ್ಮ ಪಾಲನ್ನು ತಿನ್ನುತ್ತದೆ. ಮೂರನೇ ವರ್ಷ ಕಂತಿಗೆ 4.1 ಲಕ್ಷ ಕಮ್ಮಿ ಬೀಳುತ್ತದೆ.

ಅಷ್ಟೇ ಅಲ್ಲ. ಹತ್ತು ತಿಂಗಳ ಅಡ್ವಾನ್ಸ್ ತೆಗೆದುಕೊಂಡಿದ್ದರೆ ಎರಡನೇ ಮಹಡಿಯವರಿಗೆ 8 ಲಕ್ಷ ವಾಪಸ್ ಕೊಡಬೇಕು. ಬಾಡಿಗೆ ನಿಂತ ತಿಂಗಳೇ ಈ ದುಡ್ಡೂ ಹೋಗಬೇಕು. ಬ್ರೋಕರ್ ಕಳಿಸುವ ಹಾಳೆಗಳಲ್ಲಿ ಅಡ್ವಾನ್ಸ್ ಒಳಗೆ ಬರುವುದನ್ನು ಮಾತ್ರ ತೋರಿಸಿರುತ್ತಾರೆ. ಎಷ್ಟೋ ಮಾಲೀಕರು ಆ ದುಡ್ಡನ್ನೇ ಕೊಳ್ಳುವಾಗ ಹೊಂದಿಸಲು ಬಳಸಿರುತ್ತಾರೆ. ಹೊಸ ಬಾಡಿಗೆದಾರರು ಬಂದಾಗ ಹೊಸ ಅಡ್ವಾನ್ಸ್ ಬರುತ್ತದೆ ನಿಜ. ನಡುವಿನ ಹನ್ನೆರಡು ತಿಂಗಳು ಏನು ಮಾಡುವುದು?

ಊಹೆಗಳು ಎಷ್ಟು ಗಟ್ಟಿ ಅಂತ ತಿಳಿಯಲು ಹಾಳೆಗಿಂತ ಅಗ್ರಿಮೆಂಟ್ ಓದುವುದು ಒಳ್ಳೆಯದು. ವರ್ಷಕ್ಕೆ ಶೇ. 5 ಏರಿಕೆ ಅಗ್ರಿಮೆಂಟಿನಲ್ಲಿ ಬರೆದಿದೆಯೋ, ಇಲ್ಲ ಮಾರುವವರ ಆಸೆಯೋ? ಮೂರು ವರ್ಷಕ್ಕೊಮ್ಮೆ ಶೇ. 15 ಅಂತಿದ್ದರೆ ಅದು ವರ್ಷಕ್ಕೆ ಶೇ. 5ಕ್ಕಿಂತ ಸ್ವಲ್ಪ ಕಡಿಮೆಯೇ, ಮಧ್ಯದ ವರ್ಷಗಳಲ್ಲಿ ಏರಿಕೆಯೂ ಇಲ್ಲ. ಹನ್ನೊಂದು ತಿಂಗಳ ಅಗ್ರಿಮೆಂಟ್ ಆಗಿದ್ದರೆ ಮೂರನೇ ವರ್ಷದ ಬಾಡಿಗೆಯ ಬಗ್ಗೆ ನಿಮಗೆ ಯಾವ ಭರವಸೆಯೂ ಇಲ್ಲ. ಒಂದು ವರ್ಷ ಮೀರಿದ ಲೀಸ್ ಆದರೆ ನೋಂದಣಿ ಕಡ್ಡಾಯ. ಅದರಲ್ಲಿ ಲಾಕ್-ಇನ್, ಅಂದರೆ ಮಧ್ಯದಲ್ಲಿ ಲೀಸ್ ಮುರಿಯಲಾಗದ ಅವಧಿ, ಎಷ್ಟು ವರ್ಷ, ಅದು ಯಾರನ್ನು ಕಟ್ಟಿಹಾಕುತ್ತದೆ ಅಂತ ನೋಡಿ. ಮೂರೂ ಮಹಡಿಗಳ ಲಾಕ್-ಇನ್ ಒಂದೇ ತಿಂಗಳು ಮುಗಿಯುವಂತಿದ್ದರೆ ಅದೇ ಒಂದು ಕೆಟ್ಟ ಸಿನಾರಿಯೊ, ಬೇರೆ ಕಟ್ಟಬೇಕಿಲ್ಲ.

ಜಿಎಸ್‌ಟಿಯದ್ದೂ ಒಂದು ಮಾತು. ವಾಣಿಜ್ಯ ಬಾಡಿಗೆಗೆ ಶೇ. 18 ಜಿಎಸ್‌ಟಿ ಬೀಳುತ್ತದೆ. ವರ್ಷಕ್ಕೆ 20 ಲಕ್ಷ ದಾಟುವ ಬಾಡಿಗೆ ಆದ್ದರಿಂದ ಈ ಕಟ್ಟಡದ ಮಾಲೀಕರು ನೋಂದಣಿ ಮಾಡಿಸಲೇಬೇಕು. ಸಾಫ್ಟ್‌ವೇರ್ ಕಂಪನಿ ಆ ತೆರಿಗೆಯನ್ನು ತನ್ನ ಲೆಕ್ಕದಲ್ಲಿ ವಾಪಸ್ ಪಡೆಯಬಹುದು. ಕ್ಲಿನಿಕ್‌ನ ಡಾಕ್ಟರಿಗೆ ಅದು ಸಾಧ್ಯವಿಲ್ಲ, ಯಾಕೆಂದರೆ ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ. ಅವರಿಗೆ 40 ರೂಪಾಯಿ ಅಂದರೆ 47.20. ಆದ್ದರಿಂದ 36ಕ್ಕೆ ಇಳಿಸಿ ಅಂತ ಮೊದಲು ಕೇಳುವವರು ಯಾರು ಅಂತ ಊಹಿಸಬಹುದು. ಆದಾಯ ತೆರಿಗೆ ಇಲ್ಲಿ ಸೇರಿಸಿಲ್ಲ, ಅದು ಒಬ್ಬೊಬ್ಬರಿಗೆ ಒಂದೊಂದು ಥರ.

ಮಾಂಟೆ ಕಾರ್ಲೊ ಅಂತ ಇನ್ನೊಂದು ವಿಧಾನವಿದೆ. ಪ್ರತಿ ಊಹೆಗೂ ಸಾಧ್ಯತೆಯ ಹರವು ಕೊಟ್ಟು ಕಂಪ್ಯೂಟರಿನಲ್ಲಿ ಸಾವಿರಾರು ಸಲ ಲೆಕ್ಕ ಓಡಿಸುವುದು. ಮೂರು ಮಹಡಿಯ ಕಟ್ಟಡಕ್ಕೆ ಇದು ಬೇಡ ಅಂತಲೇ ಹೇಳುತ್ತೇನೆ. ಮೈಸೂರಿನ ಒಂದು ಬಡಾವಣೆಯ ಮಹಡಿ ಎಷ್ಟು ತಿಂಗಳು ಖಾಲಿ ಬೀಳಬಹುದು ಅನ್ನುವುದಕ್ಕೆ ನಂಬುವಂಥ ಅಂಕಿಅಂಶ ಕೈಯಲ್ಲಿಲ್ಲದೆ ಸಾವಿರ ಸಲ ಓಡಿಸಿದರೂ ಸಿಗುವುದು ನಮ್ಮದೇ ಊಹೆ. ಆ ಹೊತ್ತಿನಲ್ಲಿ ಅದೇ ರಸ್ತೆಯಲ್ಲಿ ಒಂದು ಸುತ್ತು ನಡೆದು ಟು-ಲೆಟ್ ಬೋರ್ಡ್ ಎಷ್ಟಿವೆ, ಎಷ್ಟು ತಿಂಗಳಿಂದ ತೂಗುತ್ತಿವೆ ಅಂತ ಪಕ್ಕದ ಅಂಗಡಿಯಲ್ಲಿ ಕೇಳಿದರೆ ಜಾಸ್ತಿ ತಿಳಿಯುತ್ತದೆ.

ಇಷ್ಟೆಲ್ಲ ಮಾಡಿ ಕೊನೆಗೆ ಕಟ್ಟಡ ಕೊಳ್ಳಬೇಕೋ ಬೇಡವೋ ಅಂತ ಹಾಳೆ ಹೇಳುವುದಿಲ್ಲ. ಎಷ್ಟು ಸಾಲ ತೆಗೆಯಬಹುದು ಅಂತ ಮಾತ್ರ ಚೆನ್ನಾಗಿ ಹೇಳುತ್ತದೆ. ಒಂದು ಮಹಡಿ ಖಾಲಿ ಬಿದ್ದಾಗ ಬರುವ ನಿವ್ವಳ ಬಾಡಿಗೆ 14.88 ಲಕ್ಷ. ಶೇ. 9.5 ಬಡ್ಡಿಯಲ್ಲಿ ಆ ದುಡ್ಡಿನಿಂದಲೇ ಕಂತು ತೀರಬೇಕಾದರೆ ಸಾಲ ಸುಮಾರು 1.18 ಕೋಟಿ ಮೀರಬಾರದು. ಬಡ್ಡಿ 12 ಆದರೂ ತಡೆಯಬೇಕು ಅಂದರೆ 1.03 ಕೋಟಿ. ಒಂದೂವರೆ ಕೋಟಿಯನ್ನೇ ತೆಗೆಯುವುದಾದರೆ, ಕಂತಿನ ಕೊರತೆ 3.92 ಲಕ್ಷ ಮತ್ತು ಅಡ್ವಾನ್ಸ್ 8 ಲಕ್ಷ ಸೇರಿಸಿ ಹತ್ತಿರ ಹತ್ತಿರ 12 ಲಕ್ಷವನ್ನು ಮುಟ್ಟದೆ ಎಫ್‌ಡಿಯಲ್ಲಿ ಇಡಬೇಕು. ಬಡ್ಡಿ ಏರಿಕೆಗೂ ಸೇರಿಸಿದರೆ 15 ಲಕ್ಷ. ಸಾಲ ಕಮ್ಮಿ ಮಾಡಿದರೆ ಒಳ್ಳೆಯ ಕಾಲದಲ್ಲಿ ನಿಮ್ಮ ಪಾಲಿನ ಪ್ರತಿಫಲ ಸ್ವಲ್ಪ ಇಳಿಯುತ್ತದೆ, ಅದು ನಿಜ. ಇವೆರಡೂ ಆಗದಿದ್ದರೆ ಉಳಿದಿರುವುದು ಮಾರುವವರ ಜೊತೆ ಬೆಲೆಯ ಮಾತು. ಆಗ ಹಳದಿ ಚೌಕ ಬಿಟ್ಟು, ಎರಡನೇ ಮಹಡಿಯ ಲಾಕ್-ಇನ್ ಯಾವಾಗ ಮುಗಿಯುತ್ತದೆ ಅನ್ನುವಲ್ಲಿಂದ ಮಾತು ಶುರು ಮಾಡಿ.